ಬಾಡದ ಕಿರೀಟಕ್ಕಾಗಿ ಓಟ



ಆಗಸ್ಟ್ 15ರಂದು ನಮಗೆ ಎರಡು ಹಬ್ಬ. ಬೆಳಿಗ್ಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ದಿವ್ಯಬಲಿಪೂಜೆ. ಶಾಲೆಯ ಮೈದಾನದಲ್ಲಿ ಧ್ವಜಾರೋಹಣ, ಮಕ್ಕಳ ಕವಾಯತು, ಆಟೋಟ. ಪೂಜೆಗೂ ಆಟಕ್ಕೂ ಏನು ನಂಟು ಎಂದು ನಮ್ಮಲ್ಲಿ ಅನೇಕರು ಕೇಳಬಹುದು. ಹಬ್ಬದ ಸಾರವನ್ನೇ ಗಮನಿಸೋಣ. ಮರಿಯಮ್ಮನವರು ಆತ್ಮಶರೀರ ಸಹಿತವಾಗಿ ಸ್ವರ್ಗಕ್ಕೆ ಸ್ವೀಕರಿಸಲ್ಪಟ್ಟರೆಂಬುದು ನಮ್ಮ ವಿಶ್ವಾಸ. 1950ರ ನವೆಂಬರ್ 1ರಂದು ಇದನ್ನು ವಿಶ್ವಾಸಸತ್ಯವೆಂದು ಘೋಷಿಸಿದವರು ಜಗದ್ಗುರು ಹನ್ನೆರಡನೇ ಪಯಸ್. ಅವರೇ 1945ರ ಮೇ ತಿಂಗಳಲ್ಲಿ ಕ್ರೀಡಾಪಟುಗಳಿಗೆ ಕ್ರೀಡೆಯ ಮೌಲ್ಯವನ್ನು ಕುರಿತು ಉಪದೇಶಿಸಿದ್ದರು. ದೇಹವನ್ನು ತುಚ್ಛವೆಂದು ತಳ್ಳುವ ಧರ್ಮ ನಮ್ಮದಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹವನ್ನು ಪವಿತ್ರಾತ್ಮರ ಆಲಯಕ್ಕೆ ಹೋಲಿಸುತ್ತಾರೆ. ಅದೇ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಓಟಗಾರರನ್ನೂ ಮಲ್ಲರನ್ನೂ ನೆನೆಯುತ್ತಾರೆ. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಎಲೆಗಳಿಂದ ಹೆಣೆದ ಕಿರೀಟ. ಬಾಡುವ ಕಿರೀಟಕ್ಕಾಗಿ ಅವರು ಅಷ್ಟು ಕಟ್ಟುನಿಟ್ಟಾಗಿ ಬಾಳುವಾಗ, ಬಾಡದ ಕಿರೀಟಕ್ಕಾಗಿ ನಾವು ಇನ್ನೆಷ್ಟು ಶ್ರಮಿಸಬೇಕು ಎಂಬುದು ಪೌಲರ ವಾದ. ಅವರು ಆಟವನ್ನು ಹಳಿಯಲಿಲ್ಲ. ಅದರಿಂದ ಪಾಠ ಕಲಿಸಿದರು.

ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಡೆದ ನರ್ತಕಿಯರೂ ಯೋಧರೂ ಎಂಟು ಒಂಬತ್ತು ಶತಮಾನಗಳಿಂದ ನಿಂತಿದ್ದಾರೆ. ನಮ್ಮ ದೇಹಗಳು ಹಾಗಲ್ಲ. ಮುಪ್ಪು, ರೋಗ, ಸಾವು ಬಂದೇ ಬರುತ್ತವೆ. ಆದರೂ ಪುನರುತ್ಥಾನದ ವಾಗ್ದಾನವಿರುವುದು ಆ ಕಲ್ಲಿಗಲ್ಲ, ಈ ಮಾಂಸಕ್ಕೆ.

ಹಾಗೆಂದು ದೇಹವನ್ನೇ ಪೂಜಿಸಬೇಕೆ? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆರೋಗ್ಯವನ್ನು ದೇವರ ಅಮೂಲ್ಯ ಕೊಡುಗೆಯೆಂದು 2288ನೇ ಪರಿಚ್ಛೇದದಲ್ಲಿ ಹೇಳಿ, ಮರು ಪರಿಚ್ಛೇದದಲ್ಲೇ ಎಚ್ಚರಿಸುತ್ತದೆ: ಮೈಕಟ್ಟನ್ನೂ ಕ್ರೀಡಾ ವಿಜಯವನ್ನೂ ವಿಗ್ರಹವಾಗಿಸಿದರೆ ಬಲಶಾಲಿಗಳಿಗೆ ಮಾತ್ರ ಬೆಲೆ, ದುರ್ಬಲರಿಗೆ ಅಲ್ಲ ಎಂಬಂತಾಗುತ್ತದೆ.

ಈ ಎಚ್ಚರಿಕೆ ನಮ್ಮೂರಿಗೂ ಸಲ್ಲುತ್ತದೆ. ವೇಗದ ಬೌಲರ್ ಡೇವಿಡ್ ಜಾನ್ಸನ್ ಅವರು 1971ರಲ್ಲಿ ಹುಟ್ಟಿದ್ದು ಅರಸೀಕೆರೆಯಲ್ಲಿ. ಕರ್ನಾಟಕದ ಪರ ಹೆಸರು ಮಾಡಿ, 1996ರಲ್ಲಿ ಭಾರತ ತಂಡ ಸೇರಿದರು. ದೆಹಲಿಯಲ್ಲಿ ಒಂದು ಟೆಸ್ಟ್, ಡರ್ಬನ್‌ನಲ್ಲಿ ಇನ್ನೊಂದು. ಒಟ್ಟು ಮೂರು ವಿಕೆಟ್. ಮತ್ತೆ ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. 2024ರ ಜೂನ್ 20ರಂದು, 52ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಸುದ್ದಿ ಓದಿ ನಾವು ಮರುಗಿದೆವು. ನಡುವಿನ ವರ್ಷಗಳಲ್ಲಿ ಅವರನ್ನು ನೆನೆದವರು ನಮ್ಮಲ್ಲಿ ಎಷ್ಟು ಮಂದಿ? ಚಪ್ಪಾಳೆ ನಿಂತ ಮೇಲೂ ಮನುಷ್ಯ ಉಳಿದಿರುತ್ತಾನೆ. ಧರ್ಮಸಭೆ ಎಣಿಸುವುದು ವಿಕೆಟ್ಟುಗಳನ್ನಲ್ಲ, ಆ ಮನುಷ್ಯನನ್ನು.

2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಗೆಂದೇ ಒಂದು ದಸ್ತಾವೇಜನ್ನು ಹೊರತಂದಿತು. ಗೆಲುವಿಗಿಂತ ನಮ್ಮಲ್ಲಿರುವ ಅತ್ಯುತ್ತಮವನ್ನು ಅರ್ಪಿಸುವುದು ಮುಖ್ಯ ಎಂಬುದು ಅದರ ತಿರುಳು. ಬೆಟ್ಟ ಹತ್ತುವುದನ್ನೂ ಬಡವರ ಸೇವೆಯನ್ನೂ ಒಟ್ಟಿಗೆ ಪ್ರೀತಿಸಿದ ಯುವಕ ಪಿಯೆರ್ ಜಾರ್ಜಿಯೊ ಫ್ರಸಾತಿಯವರನ್ನು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಲಾಯಿತು.

ತೆಂಗಿನ ತೋಟದಲ್ಲೋ ಕಾಫಿ ತೋಟದಲ್ಲೋ ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎನ್ನಬಹುದು. ನಿಜ, ಅವರ ದೇಹಕ್ಕೆ ಬೇಕಿರುವುದು ಭಾನುವಾರದ ವಿಶ್ರಾಂತಿ. ಅದೂ ದೇಹದ ಆರೈಕೆಯೇ. ಕುಳಿತೇ ಕೆಲಸ ಮಾಡುವವರು ನಡೆಯಲಿ. ಪರೀಕ್ಷೆಯ ನೆಪದಲ್ಲಿ ಮಕ್ಕಳ ಆಟವನ್ನು, ಅದರಲ್ಲೂ ಹೆಣ್ಣುಮಕ್ಕಳ ಆಟವನ್ನು, ನಿಲ್ಲಿಸದಿರೋಣ. ಪಂದ್ಯಕ್ಕಾಗಿ ಭಾನುವಾರದ ಪೂಜೆ ತಪ್ಪಿಸುವುದೂ, ಬೆಟ್ಟಿಂಗ್‌ಗೆ ಹಣ ಸುರಿಯುವುದೂ ಬೇಡ.

ಈ ಹಬ್ಬದ ಸಂಜೆ ಮೈದಾನದಿಂದ ಮರಳುವ ಮಗುವನ್ನು “ಗೆದ್ದೆಯಾ?” ಎಂದು ಕೇಳುವ ಮೊದಲು “ಚೆನ್ನಾಗಿ ಆಡಿದೆಯಾ? ಬಿದ್ದವನನ್ನು ಎತ್ತಿದೆಯಾ?” ಎಂದು ಕೇಳೋಣ. ಸೋತು ಬಂದ ಮಗುವಿಗೆ ಬಾಗಿಲಲ್ಲೇ ಮೊದಲ ಅಪ್ಪುಗೆ ಸಿಗಲಿ. ದೇಹಸಹಿತಳಾಗಿ ಸ್ವರ್ಗ ಸೇರಿದ ತಾಯಿ ನಮ್ಮೆಲ್ಲರ ಓಟವನ್ನು ಕಾಯಲಿ.