ಮಂಡಿನೋವಿಗೆ ಎರಡು ಮದ್ದು: ಬೆಳಕು ಮತ್ತು ಚಲನೆ

ಮಂಡಿಯ ಮೇಲೆ ಕೈಯೂರಿ, ಮೆಟ್ಟಿಲಿಗೊಮ್ಮೆ ನಿಂತು, ನಿಟ್ಟುಸಿರಿಟ್ಟು ಮೇಲೇರುವ ಹಿರಿಯರನ್ನು ಕಾಣದವರಾರು? ‘ವಯಸ್ಸಾಯಿತು, ಮಂಡಿ ಸವೆಯಿತು, ಇನ್ನು ಕುಳಿತಿರುವುದೇ ಕ್ಷೇಮ’ ಎಂದು ಅವರು ಹೇಳುತ್ತಾರೆ, ಮನೆಯವರೂ ಹೌದೆನ್ನುತ್ತಾರೆ. ಈ ಮಾತು ನಿಜವೆ? ಲೇಸರ್ ಬೆಳಕಿನಿಂದ ಈ ನೋವು ಶಮನವಾದೀತೆ? ಈ ಎರಡು ಪ್ರಶ್ನೆಗಳನ್ನು ವಿಚಾರಮಾಡೋಣ.

ಮಂಡಿಯಲ್ಲಿ ಸಂಧಿಸುವ ಎಲುಬುಗಳ ತುದಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ಅದರ ದಪ್ಪ ಕೆಲವೇ ಮಿಲಿಮೀಟರು. ಸಮನೆಲದ ಮೇಲೆ ನಡೆಯುವಾಗಲೂ ಮಂಡಿಯು ದೇಹದ ತೂಕಕ್ಕಿಂತ ಸುಮಾರು 2ರಿಂದ 3 ಪಟ್ಟು ಹೆಚ್ಚಿನ ಒತ್ತಡವನ್ನು ತಾಳಬೇಕಾಗುತ್ತದೆ. 50 ಕಿಲೋಗ್ರಾಂ ತೂಗುವವರ ಒಂದೊಂದು ಹೆಜ್ಜೆಗೂ ಕ್ವಿಂಟಲಿನಷ್ಟೋ ಅದಕ್ಕೂ ಮಿಗಿಲೋ ಆದ ಹೊರೆ! ಅಸ್ಥಿಸಂಧಿವಾತದಲ್ಲಿ ಈ ಹೊದಿಕೆ ತೆಳುವಾಗುತ್ತದೆ; ಎಲುಬಿನ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆಗಳೇಳುತ್ತವೆ; ಕೀಲಿನ ಒಳಪೊರೆ ಉರಿಯೂತಕ್ಕೆ ಈಡಾಗುತ್ತದೆ; ತೊಡೆಯ ಸ್ನಾಯುಗಳು ಬಲಗುಂದುತ್ತವೆ. ಆದುದರಿಂದ ಇದು ಬರಿಯ ಸವೆತವಲ್ಲ, ಇಡೀ ಕೀಲಿನ ವ್ಯಾಧಿ.

ಮೃದ್ವಸ್ಥಿಗೆ ಒಂದು ವೈಶಿಷ್ಟ್ಯವುಂಟು. ಅದರಲ್ಲಿ ರಕ್ತನಾಳಗಳಿಲ್ಲ. ಹಾಗಾದರೆ ಅದರ ಜೀವಕೋಶಗಳಿಗೆ ಆಹಾರ ಬರುವುದೆಲ್ಲಿಂದ? ಮುಖ್ಯವಾಗಿ ಕೀಲಿನಲ್ಲಿರುವ ದ್ರವದಿಂದ. ನೀರಿನಲ್ಲಿರುವ ಸ್ಪಂಜನ್ನು ಹಿಂಡಿ ಬಿಟ್ಟರೆ ಅದು ಮತ್ತೆ ನೀರನ್ನು ಹೀರುವುದಷ್ಟೆ. ಅಂತೆಯೇ ಹೆಜ್ಜೆಯೂರಿದಾಗ ಮೃದ್ವಸ್ಥಿಯಿಂದ ದ್ರವ ಹೊರಬರುತ್ತದೆ. ಹೆಜ್ಜೆ ಎತ್ತಿದಾಗ ಒಳಸೇರುತ್ತದೆ. ಆದಕಾರಣ ಹಿತಮಿತವಾದ ಚಲನೆ ಮಂಡಿಯ ಶತ್ರುವಲ್ಲ, ಪೋಷಕ. ನೋವಿಗೆ ಹೆದರಿ ಸದಾ ಕುಳಿತವರ ಸ್ನಾಯುಗಳು ಸೊರಗುತ್ತವೆ; ಸೊರಗಿದ ಸ್ನಾಯುಗಳು ಕೀಲಿಗೆ ಆಸರೆಯಾಗಲಾರವು; ನೋವು ಹೆಚ್ಚುತ್ತದೆ; ಹೆಚ್ಚಿದ ನೋವು ಮತ್ತೆ ಕೂರಿಸುತ್ತದೆ. ವ್ಯಾಯಾಮದ ಕೆಲಸ ಈ ವಿಷಚಕ್ರವನ್ನು ಮುರಿಯುವುದು.

ಇನ್ನು ಬೆಳಕಿನ ಕಥೆ. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದನು. 1967ರಲ್ಲಿ ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್, ರೋಮ ಬೋಳಿಸಿದ ಇಲಿಗಳ ಮೇಲೆ ದುರ್ಬಲವಾದ ಮಾಣಿಕ್ಯ ಲೇಸರನ್ನು ಹಾಯಿಸಿದನು. ಬೆಳಕು ಬಿದ್ದ ಇಲಿಗಳಲ್ಲಿ ರೋಮ ಬೇಗನೆ ಬೆಳೆಯಿತು! ಅಲ್ಪಶಕ್ತಿಯ ಲೇಸರ್ ಚಿಕಿತ್ಸೆಗೆ ನಾಂದಿಯಾದುದು ಈ ಅನಿರೀಕ್ಷಿತ ಫಲವೇ. ಇದು ಶಸ್ತ್ರಕ್ರಿಯೆಯ ಲೇಸರಿನಂತೆ ಅಂಗಾಂಶವನ್ನು ಕೊಯ್ಯುವುದೂ ಇಲ್ಲ, ಸುಡುವುದೂ ಇಲ್ಲ. ಮಂಡಿಗೆ ಸಾಮಾನ್ಯವಾಗಿ ಬಳಸುವುದು ಕಣ್ಣಿಗೆ ಕಾಣದ, ಅಥವಾ ಕಂಡೂ ಕಾಣದಂತಿರುವ ಅವಕೆಂಪು ಕಿರಣವನ್ನು. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಉರಿಯೂತ ತಗ್ಗುವುದೆಂದು ಅನೇಕ ಸಂಶೋಧಕರ ಊಹೆ.

ಊಹೆ ಸೊಗಸಾಗಿದ್ದ ಮಾತ್ರಕ್ಕೆ ಚಿಕಿತ್ಸೆ ಫಲಿಸಿತೆನ್ನಲಾಗದು. ವೈದ್ಯನಲ್ಲಿಟ್ಟ ನಂಬಿಕೆಯೊಂದೇ ನೋವನ್ನು ಎಷ್ಟೋ ತಗ್ಗಿಸಬಲ್ಲುದು. ಅದನ್ನು ಬೇರ್ಪಡಿಸುವ ಬಗೆ ಹೇಗೆ? ಬೆಳಕೇ ಬೀರದ, ಆದರೆ ನೋಟಕ್ಕೆ ಅದೇ ಬಗೆಯ ಹುಸಿ ಯಂತ್ರವೊಂದನ್ನು ಕೆಲವರಿಗೆ ಬಳಸುವುದು. ಕಿರಣ ಕಾಣದಿರುವುದರಿಂದ ನಿಜವಾವುದು, ಹುಸಿಯಾವುದು ಎಂದು ರೋಗಿಗೂ ತಿಳಿಯದು, ಯಂತ್ರ ಹಿಡಿದವರಿಗೂ ತಿಳಿಯದು. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯೊಂದರಲ್ಲಿ 282 ಮಂದಿ ಭಾಗವಹಿಸಿದ್ದರು. ಅಲ್ಲಿ ಸೂಜಿಚಿಕಿತ್ಸೆಯ ಬಿಂದುಗಳ ಮೇಲೆ ಹಾಯಿಸಿದ ಲೇಸರು ಹುಸಿ ಲೇಸರಿಗಿಂತ ಮೇಲೆನಿಸಲಿಲ್ಲ. ಆದರೆ 2019ರಲ್ಲಿ ನಾರ್ವೆಯ ಸಂಶೋಧಕರ ನೇತೃತ್ವದಲ್ಲಿ 22 ಪರೀಕ್ಷೆಗಳನ್ನು, ಒಟ್ಟು 1063 ರೋಗಿಗಳ ಫಲಿತಾಂಶಗಳನ್ನು, ಕೂಡಿಸಿ ನೋಡಿದಾಗ ಲೇಸರಿನಿಂದ ನೋವು ತಗ್ಗಿದುದು ಕಂಡುಬಂದಿತು. ತಕ್ಕ ತರಂಗಾಂತರ, ತಕ್ಕ ಪ್ರಮಾಣಗಳಿದ್ದಲ್ಲಿಯೇ ಈ ಗುಣ ಎದ್ದು ಕಂಡಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2022ರಲ್ಲಿ, ಲೇಸರಿಗೆ ಸಾಕಷ್ಟು ಆಧಾರವಿಲ್ಲವೆಂದೂ, ವ್ಯಾಯಾಮವನ್ನು ಎಲ್ಲ ರೋಗಿಗಳಿಗೂ ಸೂಚಿಸಬೇಕೆಂದೂ ಸಲಹೆಯಿತ್ತಿತು.

ವ್ಯಾಯಾಮವನ್ನಾದರೂ ಪವಾಡವೆಂದು ಹೊಗಳಬೇಕಿಲ್ಲ. 139 ಪರೀಕ್ಷೆಗಳನ್ನು ಒಳಗೊಂಡ 2024ರ ಸಮೀಕ್ಷೆಯೊಂದು, ಅದರ ಗುಣ ನಿಜವಾದರೂ ಸರಾಸರಿಯಲ್ಲಿ ಮಿತವಾದುದೆಂದು ತೋರಿಸಿತು. ಮೇಲಾಗಿ, ವ್ಯಾಯಾಮಕ್ಕೆ ಹುಸಿ ಯಂತ್ರದಂಥ ಅವಳಿ ಇಲ್ಲ. ಮಾಡುವವರಿಗೆ ತಾವು ಮಾಡುತ್ತಿರುವುದು ತಿಳಿದೇ ಇರುತ್ತದೆ. ಆದರೂ ಅದಕ್ಕೆ ಖರ್ಚಿಲ್ಲ, ಅಪಾಯ ಅತ್ಯಲ್ಪ, ಹೃದಯಕ್ಕೂ ಉಪಕಾರ. ಬೆಳಕು ನೋವನ್ನು ತಗ್ಗಿಸಿದರೂ ಸ್ನಾಯುವಿಗೆ ಬಲ ಬರಬೇಕಾದರೆ ಕಾಲೇ ದುಡಿಯಬೇಕು. ಲೇಸರನ್ನು ವ್ಯಾಯಾಮದ ಬದಲಿಯೆಂದಲ್ಲ, ಹೆಚ್ಚೆಂದರೆ ಅದರ ಸಹಾಯಕನೆಂದು ತಿಳಿಯಬೇಕು.

ವಿದ್ಯಾರ್ಥಿ ಮಿತ್ರರೇ, ವೈದ್ಯರ ಸಲಹೆ ಪಡೆದು ಮನೆಯ ಹಿರಿಯರಿಂದ ಇಷ್ಟನ್ನು ಮಾಡಿಸಿರಿ: ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು, ಬಳಿಕ ಇನ್ನೊಂದು ಕಾಲು. ಎಣಿಸುವ ಕೆಲಸ ನಿಮ್ಮದಾಗಲಿ. ಸಂಜೆ ಅವರೊಡನೆ ನಾಲ್ಕು ಹೆಜ್ಜೆ ನಡೆಯಿರಿ. ‘ಕುಳಿತಿರಿ’ ಎನ್ನುವುದಕ್ಕಿಂತ ‘ಬನ್ನಿ, ನಡೆಯೋಣ’ ಎನ್ನುವುದೇ ಆ ಮಂಡಿಗೆ ನೀವು ಮಾಡುವ ದೊಡ್ಡ ಉಪಕಾರ.