ದೇವಗಿರಿಯ ಕತ್ತಲ ದಾರಿಯೂ ಗಾಲ್ಫಿನ ಕಠಿಣ ಹೋಲೂ

ನಾಶಿಕದಲ್ಲಿ ಆಟೊ ಹತ್ತಿ ‘ಗಾಲ್ಫ್ ಕ್ಲಬ್’ ಎಂದರೆ ಇಳಿಸುವುದು ಅನಂತ ಕಾನ್ಹೇರೆ ಮೈದಾನದ ಮುಂದೆ. ಅಲ್ಲಿ ನಡೆಯುವುದು ರಣಜಿ ಕ್ರಿಕೆಟ್ಟು. ಗಾಲ್ಫ್ ಹೆಸರಿಗಷ್ಟೇ ಉಳಿದಿದೆ. ಗಾಲ್ಫ್ ಅಂಗಳದಲ್ಲಿ ಅಡ್ಡಿಗಳನ್ನು ಇಡುವವರ ಲೆಕ್ಕಾಚಾರ ಅರ್ಥವಾಗಬೇಕಾದರೆ ಛತ್ರಪತಿ ಸಂಭಾಜಿನಗರದ ಪಕ್ಕದ ದೌಲತಾಬಾದಿಗೆ, ಅಂದರೆ ಕನ್ನಡದಲ್ಲೂ ಶಾಸನ ಬರೆಸಿದ ಸೇವುಣ ಯಾದವರ ದೇವಗಿರಿಗೆ ಹೋಗುವುದು ಮೇಲು.

ಅಲ್ಲಿ ಬೆಟ್ಟದ ಬುಡವನ್ನು ಸುತ್ತಲೂ ಗೋಡೆಯಂತೆ ಕಡಿದಿದ್ದಾರೆ. ಕೆಳಗೆ ಕಂದಕ. ಮೇಲೇರಬೇಕಾದರೆ ಬಂಡೆಯೊಳಗೆ ಕೊರೆದ ‘ಅಂಧಾರಿ’ ಎಂಬ ಕತ್ತಲ ದಾರಿಯಲ್ಲಿ ತಡವರಿಸಬೇಕು. ದಂಡನಾಯಕನಾದರೂ ಸಾಮಾನ್ಯ ಸಿಪಾಯಿಯಾದರೂ ಅಲ್ಲಿ ಗತಿ ಒಂದೇ. ಕೋಟೆಗೆ ಬೇಕಾದದ್ದೂ ಅದೇ. ಆಟದಲ್ಲಿ ಹಾಗೆ ಮಾಡಿದರೆ ಕೆಟ್ಟಿತು.

ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದ್ದಾದರೂ ‘ಹೋಲ್’ಗೆ ಕನ್ನಡದಲ್ಲೊಂದು ಪದ ಹುಟ್ಟಲಿಲ್ಲ. ಚೆಂಡು ಬೀಳುವ ಕುಳಿಯಷ್ಟೇ ಅಲ್ಲ, ಮೊದಲ ಹೊಡೆತದ ಜಾಗದಿಂದ ಅಲ್ಲಿಯವರೆಗಿನ ಇಡೀ ಹಾದಿಯೂ ಹೋಲೇ. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನಲ್ಲಿ 15ನೇ ಹೋಲಿಗೆ ‘ರಿಡ್ಯಾನ್’ ಎಂದು ಹೆಸರು. ಕ್ರಿಮಿಯಾ ಯುದ್ಧದಲ್ಲಿ, 1855ರಲ್ಲಿ, ಬ್ರಿಟಿಷ್ ಸೈನ್ಯ ನುಗ್ಗಿ ಸೋತ ರಷ್ಯನ್ ಕೊತ್ತಲದ ಹೆಸರು ಅದು. ಹೆಸರು ಕೊತ್ತಲದ್ದಾದರೂ ಒಳಗಿನ ಉಪಾಯ ಬೇರೆ. ಕುಳಿಯಿರುವ ನುಣುಪು ಹುಲ್ಲಿನ ಗ್ರೀನು ಆಟಗಾರನಿಗೆ ಓರೆಯಾಗಿ ಮಲಗಿದೆ. ಬಲ ಮುಂಬದಿಯಿಂದ ಎಡ ಹಿಂಬದಿಗೆ ಇಳಿಜಾರು. ಎಡ ಮುಂದೆ ಆಳವಾದ ಮರಳುಗುಂಡಿ. ಕುಳಿಗೇ ಗುರಿಯಿಟ್ಟರೆ ಗುಂಡಿ ದಾಟಬೇಕು. ಬಲಗಡೆ ಹದವಾಗಿ ಇಳಿಸಿದರೆ ಇಳಿಜಾರೇ ಚೆಂಡನ್ನು ಕುಳಿಯತ್ತ ಉರುಳಿಸುತ್ತದೆ. ಎರಡಕ್ಕೂ ಎದೆಯಿಲ್ಲದವನು ಇನ್ನಷ್ಟು ಬಲಕ್ಕೆ ಹೊಡೆದು, ಒಂದು ಹೊಡೆತ ಹೆಚ್ಚು ತೆತ್ತು ಪಾರಾಗಬಹುದು. ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಇದರ ನಕಲನ್ನು ಅಮೆರಿಕದಲ್ಲಿ ಕಟ್ಟಿದ. ಆಮೇಲೆ ಲೋಕವೆಲ್ಲ ನಕಲು ಮಾಡಿತು.

ಓರೆಯಲ್ಲೇ ಇದೆ ಗುಟ್ಟು. ಹೊಡೆತದ ದಿಕ್ಕು 5 ಡಿಗ್ರಿ ತಪ್ಪಿದರೆ ಚೆಂಡು 100 ಮೀಟರಿನಲ್ಲಿ ಸುಮಾರು 9 ಮೀಟರ್ ಪಕ್ಕಕ್ಕೆ ಸರಿಯುತ್ತದೆ, 200 ಮೀಟರಿನಲ್ಲಿ ಹೆಚ್ಚುಕಡಿಮೆ 17. ಅಡ್ಡಿ ನೇರ ಅಡ್ಡಕ್ಕಿದ್ದರೆ ದಾಟಬೇಕಾದ ದೂರ ಎಲ್ಲರಿಗೂ ಒಂದೇ. ಓರೆಯಾಗಿದ್ದರೆ ತನ್ನ ತೋಳಿಗೂ ತನ್ನ ತಪ್ಪಿಗೂ ತಕ್ಕ ಗೆರೆಯನ್ನು ಅವರವರೇ ಆರಿಸಿಕೊಳ್ಳಬೇಕು.

ಮೇಷ್ಟ್ರುಗಳಿಗೆ ಇದು ಗೊತ್ತು: ಇಡೀ ತರಗತಿ ಫೇಲಾಗುವ ಪ್ರಶ್ನೆಯಿಂದ ಓದಿದವರು ಯಾರೆಂದು ತಿಳಿಯದು. ಗಾಲ್ಫಿನಲ್ಲೂ ಕಷ್ಟಕ್ಕೆ ಎರಡು ಅಳತೆಗಳಿವೆ. ‘ಕೋರ್ಸ್ ರೇಟಿಂಗ್’ ಪಳಗಿದವನಿಗೆ ಎಷ್ಟು ಹೊಡೆತ ಬೇಕೆಂದು ಹೇಳಿದರೆ, ‘ಸ್ಲೋಪ್ ರೇಟಿಂಗ್’ ಅವನಿಗೂ ಸಾಧಾರಣ ಆಟಗಾರನಿಗೂ ನಡುವಿನ ಅಂತರ ಆ ಅಂಗಳದಲ್ಲಿ ಎಷ್ಟು ಹಿಗ್ಗುತ್ತದೆಂದು ಹೇಳುತ್ತದೆ. 55ರಿಂದ 155ರವರೆಗಿನ ಈ ಅಳತೆಯಲ್ಲಿ 113 ಮಾನಕ. ಇಬ್ಬರನ್ನೂ ಒಂದೇ ಸಮ ಗೋಳಾಡಿಸುವ ಹೋಲು ಸ್ಲೋಪನ್ನು ಏರಿಸುವುದೇ ಇಲ್ಲ.

1296ರಲ್ಲಿ ದೇವಗಿರಿಗೆ ಬಂದ ಅಲ್ಲಾವುದ್ದೀನ್ ಖಲ್ಜಿಯೂ ಬಲಕ್ಕೆ ಹೊಡೆದ ಆಟಗಾರನೇ. ಬೆಟ್ಟ ಏರುವ ಗೋಜಿಗೆ ಹೋಗದೆ ಹೊರಗೆ ಕಾದ. ಒಳಗೆ ಧಾನ್ಯವೆಂದು ಪೇರಿಸಿದ್ದ ಚೀಲಗಳನ್ನು ಬಿಚ್ಚಿದಾಗ ಸಿಕ್ಕದ್ದು ಉಪ್ಪು ಎನ್ನುತ್ತಾರೆ ಚರಿತ್ರಕಾರರು.