ಕಲ್ಲನ್ನು ಓದಲು ಕಲಿಯೋಣ

ಕೊಯಮತ್ತೂರು ಎಂದೊಡನೆ ನಮಗೆ ನೂಲಿನ ಗಿರಣಿಗಳೂ ಪಂಪ್‌ಸೆಟ್ಟುಗಳೂ ನೆನಪಾಗುತ್ತವೆ. ತಿರುಪ್ಪೂರು ಎಂದೊಡನೆ ಬನಿಯನ್ನು. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ, ಇಂದಿಗೂ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮನೆಗಳಿರುವ ಈ ಕೊಂಗುನಾಡಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಹರಳುಗಳ ಹೆಸರು ರೋಮಿನವರೆಗೆ ಹಬ್ಬಿತ್ತು. ಆ ಹರಳುಗಳು ಮಣ್ಣಿನಡಿಯಲ್ಲಿ ಹೇಗೆ ಹುಟ್ಟಿದವು? ಅವುಗಳನ್ನು ಗುರುತಿಸುವುದು ಹೇಗೆ?

ಮೂರು ದಾರಿಗಳು

ಬಂಡೆಗಳು ಮೂರು ಬಗೆಯಲ್ಲಿ ಹುಟ್ಟುತ್ತವೆ. ಕರಗಿದ ಶಿಲಾರಸ ತಣಿದರೆ ಅಗ್ನಿಶಿಲೆ. ಮರಳು, ಕೆಸರು, ಸುಣ್ಣ ಪದರುಪದರಾಗಿ ಕೂತು ಗಟ್ಟಿಯಾದರೆ ಪದರಶಿಲೆ. ಇವೆರಡರಲ್ಲಿ ಯಾವುದೇ ಆಗಲಿ, ಭೂಮಿಯ ಆಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕರಗದೆಯೇ ಬೇರೆ ರೂಪ ತಾಳಿದರೆ ರೂಪಾಂತರ ಶಿಲೆ.

ಕೊಯಮತ್ತೂರಿನ ಬಳಿಯ ಮದುಕ್ಕರೈಯ ಸುಣ್ಣಕಲ್ಲು ಮೊದಲು ನೀರಿನಡಿ ಕೂತ ಸುಣ್ಣ. ಆಳದ ಬಿಸಿಯಲ್ಲಿ ಬೆಂದು ಈಗ ಸಕ್ಕರೆಯ ಹಾಗೆ ಹರಳುಹರಳಾಗಿದೆ. ಈ ಕಲ್ಲನ್ನು ನಂಬಿಯೇ 1930ರ ದಶಕದಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆ ತಲೆಯೆತ್ತಿತು.

ಊರಿನಿಂದ ಉತ್ತರಕ್ಕೆ ನೋಡಿದರೆ ಕಾಣುವ ನೀಲಗಿರಿಯ ಕಪ್ಪು ಬಂಡೆ ಚಾರ್ನೋಕೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬೆಂದ ಕಲ್ಲು ಅದು. ಮೇಲಿನ ನೆಲ ಸವೆದು ಸವೆದು ಇಂದು ಬೆಟ್ಟವಾಗಿ ನಿಂತಿದೆ. ಆ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಕೊಲ್ಕತ್ತದ ಸಂತ ಯೊವಾನ್ನರ ದೇವಾಲಯದ ಆವರಣದಲ್ಲಿ ಜಾಬ್ ಚಾರ್ನೋಕ್ ಎಂಬವರ ಸಮಾಧಿಯಿದೆ. ಅದರ ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್, 1893ರಲ್ಲಿ ಅದೇ ಬಗೆಯ ಬಂಡೆಗೆ ಆ ಹೆಸರಿಟ್ಟರು. ಅದೇ ಜಾತಿಯ ಬಂಡೆಯೇ ಚೆನ್ನೈನ ಸಂತ ತೋಮಾಸರ ಬೆಟ್ಟದಲ್ಲಿಯೂ ಇದೆ. ಯಾತ್ರೆಗೆ ಹೋದವರು ನಾವು ಎಷ್ಟೋ ಸಲ ಅದರ ಮೇಲೆ ಕಾಲಿಟ್ಟೇ ಮೆಟ್ಟಿಲೇರಿದ್ದೇವೆ!

ಪಡಿಯೂರಿನ ನೀರುಬಣ್ಣದ ಹರಳು

ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಹತ್ತಿರ ಪಡಿಯೂರು ಎಂಬ ಹಳ್ಳಿಯಿದೆ. ಸಮುದ್ರದ ನೀರಿನ ಬಣ್ಣದ ಅಕ್ವಾಮರೀನ್ ಇಲ್ಲಿ ಸಿಗುತ್ತಿತ್ತು. 1819-20ರಲ್ಲಿ ಹೀತ್ ಎಂಬ ಆಂಗ್ಲರು ಇಲ್ಲಿ ಗಣಿ ತೋಡಿಸಿದರು. ಇದು ಬೆರಿಲ್ ಎಂಬ ಖನಿಜದ ಒಂದು ಬಗೆ. ಶಿಲಾರಸ ತಣಿಯುವಾಗ ಸಾಮಾನ್ಯ ಖನಿಜಗಳು ಮೊದಲು ಹರಳುಗಟ್ಟುತ್ತವೆ. ಅವುಗಳಲ್ಲಿ ಎಡೆ ಸಿಗದ ಬೆರಿಲಿಯಂ, ಕೊನೆಗೆ ಉಳಿದ ನೀರುನೀರಾದ ರಸದಲ್ಲಿ ಕೂಡಿಕೊಳ್ಳುತ್ತದೆ. ಅದು ಬಂಡೆಯ ಬಿರುಕುಗಳಿಗೆ ನುಗ್ಗಿ ತಣಿದಾಗ ದೊಡ್ಡ ಆರುಮೂಲೆಯ ಹರಳುಗಳು ಬೆಳೆಯುತ್ತವೆ. ತುಸು ಕಬ್ಬಿಣ ಬೆರೆತರೆ ನೀಲಿ ಬಣ್ಣ.

ಸಮೀಪದ ಶಿವನ್‌ಮಲೈ ಸುತ್ತಲಿನ ಕುರುಂದದ ಕಥೆ ಬೇರೆ. ಸಿಲಿಕ ಸಾಕಷ್ಟಿದ್ದರೆ ಅಲ್ಯೂಮಿನಿಯಂ ಅದರೊಂದಿಗೆ ಸೇರಿ ಫೆಲ್ಡ್‌ಸ್ಪಾರ್ ಆಗುತ್ತದೆ. ಸಿಲಿಕ ಕಡಿಮೆಯಾದಲ್ಲಿ ಮಿಕ್ಕ ಅಲ್ಯೂಮಿನಿಯಂ ಆಮ್ಲಜನಕದೊಡನೆ ಕೂಡಿ ಕುರುಂದವಾಗುತ್ತದೆ. ಕೆಂಪಾದರೆ ಮಾಣಿಕ್ಯ, ನೀಲಿಯಾದರೆ ನೀಲ. ಕೊರತೆಯಲ್ಲಿ ಹುಟ್ಟಿದ ರತ್ನ!

ನೊಯ್ಯಲ್ ನದಿಯ ದಡದ ಕೊಡುಮಣಲ್‌ನಲ್ಲಿ (ಈಗ ಈರೋಡ್ ಜಿಲ್ಲೆ) ನಡೆದ ಉತ್ಖನನಗಳಲ್ಲಿ ಬೆರಿಲ್, ನೀಲ, ಬೆಣಚುಕಲ್ಲಿನ ಮಣಿಗಳೂ ಅವುಗಳನ್ನು ಮಾಡುತ್ತಿದ್ದ ಕುರುಹುಗಳೂ ಸಿಕ್ಕಿವೆ. ಕೊಯಮತ್ತೂರಿನ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಪ್ರಕಟನಾ ಗ್ರಂಥದ 21ನೇ ಅಧ್ಯಾಯದಲ್ಲಿ ನೂತನ ಜೆರುಸಲೇಮಿನ ಎಂಟನೆಯ ಅಸ್ತಿವಾರ ಬೆರಿಲ್. ಆ ಮಾತನ್ನು ಮೊದಲು ಕೇಳಿದ ಜನರ ಕಾಲದಲ್ಲಿಯೇ ಈ ವ್ಯಾಪಾರ ನಡೆಯುತ್ತಿತ್ತು.

ಗುರುತಿಸುವುದು ಹೇಗೆ?

ಬಣ್ಣವನ್ನು ನಂಬಬೇಡಿ, ಗಡಸುತನ ನೋಡಿ. 1812ರಲ್ಲಿ ಫ್ರೆಡ್ರಿಕ್ ಮೋಸ್ ಒಂದರಿಂದ ಹತ್ತರವರೆಗಿನ ಮಾಪನವನ್ನು ರೂಪಿಸಿದರು. ಉಗುರು ಸುಮಾರು 2.5, ಗಾಜು 5.5, ಬೆಣಚುಕಲ್ಲು 7, ಬೆರಿಲ್ 7.5ರಿಂದ 8, ಕುರುಂದ 9, ವಜ್ರ 10. ಹೆಚ್ಚಿನದು ಕಡಿಮೆಯದನ್ನು ಗೀಚುತ್ತದೆ. ಸುಣ್ಣಕಲ್ಲಿನ ಪುಡಿಗೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ, ಬೆಣಚುಕಲ್ಲಿಗೆ ಬರುವುದಿಲ್ಲ. ಕಾಗೆಬಂಗಾರ ಪದರಪದರವಾಗಿ ಬಿಡುತ್ತದೆ. ತೂಕವೂ ಒಂದು ಸಾಕ್ಷಿ: ಬೆರಿಲ್ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಅದರಂತೆಯೇ ಕಾಣುವ ನೀಲಿ ಟೋಪಾಜ್ 3.5 ಪಟ್ಟು, ಕುರುಂದ 4 ಪಟ್ಟು. ಭೂತಗನ್ನಡಿಯಲ್ಲಿ ಉರುಟಾದ ಗಾಳಿಗುಳ್ಳೆಗಳು ಕಂಡರೆ ಅದು ಗಾಜು ಇರಬಹುದೆಂದು ಶಂಕಿಸಬೇಕು.

ಎರಡು ಮಾತು ಮನೆಯವರಿಗೆ

ಒಂದನೆಯದು, ಮೋಸ. ಭಾರತದಲ್ಲಿ ಸ್ಫಟಿಕಕ್ಕೆ ಬಣ್ಣ ಹಾಕಿ ಬೆರಿಲ್ ಎಂದು ಮಾರುತ್ತಾರೆಂದು ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಆ ವಿದ್ಯೆ ಇನ್ನೂ ಸತ್ತಿಲ್ಲ. ಮಗಳ ಮದುವೆ ಬೇಗ ಆಗಲಿ, ಸಾಲ ತೀರಲಿ ಎಂದು ಅದೃಷ್ಟದ ಹರಳಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಯೋಚಿಸಿ. ಒಡವೆಗಾಗಿ ಕೊಳ್ಳುವುದಾದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಆದರೆ ಯಾವ ಹರಳೂ ಬದುಕಿನ ಗತಿಯನ್ನು ಬದಲಿಸದು.

ಎರಡನೆಯದು, ಧೂಳು. ಬೆಣಚುಕಲ್ಲಿನ ಅಂಶವಿರುವ ಬಂಡೆಯನ್ನು ಕೊರೆಯುವಾಗ, ಒಡೆಯುವಾಗ, ಸಾಣೆ ಹಿಡಿಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಆ ಗಾಯ ಮತ್ತೆ ಮಾಯುವುದಿಲ್ಲ, ಕ್ಷಯರೋಗಕ್ಕೂ ದಾರಿಯಾಗುತ್ತದೆ. ನೀರು ಹಾಯಿಸಿಕೊಂಡು ಕೊರೆದರೆ ಧೂಳು ಬಹಳಷ್ಟು ಅಡಗುತ್ತದೆ. ಬಾಯಿಗೆ ಕಟ್ಟಿದ ಟವೆಲ್ ಸಾಲದು, ತಕ್ಕ ಮುಖಗವಸು ಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಕ್ವಾರಿಗೆ, ಕ್ರಷರಿಗೆ ಹೋಗುವ ತಂದೆ, ಅಣ್ಣಂದಿರಿದ್ದರೆ ದಯವಿಟ್ಟು ಈ ಮಾತನ್ನು ಅವರಿಗೆ ಓದಿ ಹೇಳಿ. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಎದೆಯ ಎಕ್ಸ್‌ರೇ ತೆಗೆಸಿ, ತಾವು ಮಾಡುವ ಕೆಲಸವನ್ನು ವೈದ್ಯರಿಗೆ ತಿಳಿಸಲಿ.

ಕಲ್ಲಿಗೆ ಕೋಟಿಗಟ್ಟಲೆ ವರ್ಷಗಳ ಆಯುಸ್ಸು. ಅದನ್ನು ಒಡೆಯುವ ಕೈಗೆ ಇರುವುದು ಒಂದೇ ಜನ್ಮ. ಅದನ್ನು ಕಾಪಾಡಿಕೊಳ್ಳೋಣ.